ಅಡುಗೆ ಸೊಸೆಯದು, ಉಗ್ರಾಣದ ಬೀಗದ ಕೈ ಅತ್ತೆಯದು: ಫೇರ್‌ಫ್ಯಾಕ್ಸ್ ಕೌಂಟಿಯ ಶಾಲೆಗಳು ನಡೆಯುವ ಬಗೆ

ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಘಟಕ) ಮನೆ ಕೊಂಡವರಿಗೆಲ್ಲ ಪ್ರತಿ ಫೆಬ್ರುವರಿಯಲ್ಲಿ ಒಂದು ಲಕೋಟೆ ಬರುತ್ತದೆ. ಒಳಗಿನ ಹಾಳೆಯಲ್ಲಿ, ಈ ವರ್ಷ ನಿಮ್ಮ ಮನೆಯ ಬೆಲೆ ಇಷ್ಟು ಎಂದು ಕೌಂಟಿ ಕಟ್ಟಿದ ಅಂದಾಜು ಇರುತ್ತದೆ. ಅದು ಏಳು ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. 2025ರ ಮೇ ತಿಂಗಳಲ್ಲಿ ನಿಗದಿಯಾದ ತೆರಿಗೆ ದರ ನೂರು ಡಾಲರಿಗೆ 1.1225 ಡಾಲರ್. ಅಲ್ಲಿಗೆ ವರ್ಷದ ಮನೆ ತೆರಿಗೆ ಸುಮಾರು 7,857 ಡಾಲರ್. ಅರ್ಧವನ್ನು ಜುಲೈ 28ರೊಳಗೆ, ಉಳಿದರ್ಧವನ್ನು ಡಿಸೆಂಬರ್ 5ರೊಳಗೆ ಕಟ್ಟಬೇಕು. ಕೌಂಟಿಯ ಸಾಮಾನ್ಯ ನಿಧಿಯಿಂದ ಹೊರಹೋಗುವ ಹಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಶಾಲೆಗಳಿಗೆ ಸಲ್ಲುವುದರಿಂದ, ಈ ಒಂದು ಮನೆಯ ಪಾಲು ಸುಮಾರು ನಾಲ್ಕು ಸಾವಿರ ಡಾಲರ್ ಎನ್ನಬಹುದು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರಲಿ, ಇಲ್ಲದಿರಲಿ, ಲೆಕ್ಕ ಬದಲಾಗುವುದಿಲ್ಲ.

ಕರ್ನಾಟಕದಲ್ಲಿ ಓದಿ ಬೆಳೆದವರಿಗೆ ಇದು ಮೊದಲಿಗೆ ವಿಚಿತ್ರವೆನಿಸುತ್ತದೆ. ನಮ್ಮ ಊರಿನ ಸರ್ಕಾರಿ ಶಾಲೆಯ ಮೇಷ್ಟರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಪಕ್ಕದ ಮನೆಯ ಬೆಲೆ ಏರಿದರೆ ಆ ಶಾಲೆಗೆ ಮೂರು ಕಾಸಿನ ಲಾಭವಿಲ್ಲ, ಇಳಿದರೆ ನಷ್ಟವೂ ಇಲ್ಲ. ಫೇರ್‌ಫ್ಯಾಕ್ಸಿನಲ್ಲಿ ಹಾಗಲ್ಲ. ಹರ್ನ್‌ಡನ್ ಊರಿನ ಮನೆಗಳ ಬೆಲೆಗೂ ಅಲ್ಲಿನ ನಾಲ್ಕನೇ ತರಗತಿಯ ಟೀಚರಿನ ಸಂಬಳಕ್ಕೂ ನೇರ ನಂಟಿದೆ.

ಈ ಶಾಲಾ ವ್ಯವಸ್ಥೆಯ ಗಾತ್ರವನ್ನು ಮೊದಲು ಹೇಳಿಬಿಡುತ್ತೇನೆ. ಸುಮಾರು 1,80,000 ಮಕ್ಕಳು, ಇನ್ನೂರರ ಆಸುಪಾಸು ಶಾಲೆಗಳು, 1,500ಕ್ಕೂ ಹೆಚ್ಚು ಹಳದಿ ಬಸ್ಸುಗಳು. ವರ್ಜೀನಿಯಾದಲ್ಲಿ ಇದೇ ಅತಿ ದೊಡ್ಡದು. ವರ್ಷದ ಬಜೆಟ್ 2024-25ಕ್ಕೆ ಸುಮಾರು 370 ಕೋಟಿ ಡಾಲರ್. ಒಂದು ಮಗುವಿಗೆ ಸರಾಸರಿ ಇಪ್ಪತ್ತು ಸಾವಿರ ಡಾಲರಿನಷ್ಟು ಖರ್ಚು. ಇದರಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಸಂಬಳ, ವಿಮೆ, ಪಿಂಚಣಿಗೇ ಹೋಗುತ್ತದೆ. ಹಾಗಾಗಿ ಬಜೆಟ್ ಕಡಿತ ಎಂದರೆ ಒಂದೋ ಹುದ್ದೆ ಕಡಿತ, ಇಲ್ಲವೇ ಸಂಬಳ ಏರಿಕೆಗೆ ಕತ್ತರಿ. ಬಳಪ, ಬೆಂಚು, ಬಸ್ಸಿನ ಡೀಸೆಲ್‌ನಲ್ಲಿ ಉಳಿಸುವುದಕ್ಕೆ ಹೆಚ್ಚೇನೂ ಇಲ್ಲ.

ಇದನ್ನೆಲ್ಲ ನಡೆಸುವವರು ಯಾರು? ಶಾಲಾ ಮಂಡಳಿ. ಹನ್ನೆರಡು ಸದಸ್ಯರು, ಒಂಬತ್ತು ಕ್ಷೇತ್ರಗಳಿಂದ ಒಬ್ಬೊಬ್ಬರು, ಇಡೀ ಕೌಂಟಿಗೆ ಸೇರಿ ಮೂವರು. ನಾಲ್ಕು ವರ್ಷಕ್ಕೊಮ್ಮೆ ಹನ್ನೆರಡೂ ಸ್ಥಾನಗಳಿಗೆ ಒಟ್ಟಿಗೇ ಚುನಾವಣೆ. ಜೊತೆಗೆ ವಿದ್ಯಾರ್ಥಿಗಳ ಒಬ್ಬ ಪ್ರತಿನಿಧಿ ಒಂದು ವರ್ಷದ ಮಟ್ಟಿಗೆ ಮಂಡಳಿಯಲ್ಲಿ ಕುಳಿತು ಮಾತನಾಡಬಹುದು, ಮತ ಹಾಕುವಂತಿಲ್ಲ. ಮಂಡಳಿಯು ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ. 2022ರ ಜುಲೈನಿಂದ ಆ ಹುದ್ದೆಯಲ್ಲಿ ಮಿಷೆಲ್ ರೀಡ್ ಇದ್ದಾರೆ. ದಿನನಿತ್ಯದ ಆಡಳಿತ ಅವರದು. ಶಾಲೆ ಬೆಳಿಗ್ಗೆ ಎಷ್ಟು ಗಂಟೆಗೆ ಶುರುವಾಗಬೇಕು, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕು, ಯಾವ ಹಬ್ಬಕ್ಕೆ ರಜೆ, ಯಾವ ಶಾಲೆ ಮುಚ್ಚಬೇಕು ಎಂಬ ತೀರ್ಮಾನ ಮಂಡಳಿಯದು. ನಮ್ಮ ಬಿಇಒ, ಡಿಡಿಪಿಐ ಕಚೇರಿಗಳಲ್ಲಿ ಅಧಿಕಾರಿಗಳು ಮುಗಿಸುವ ಎಷ್ಟೋ ಸಂಗತಿಗಳು ಇಲ್ಲಿ ಓಟಿನ ವಿಷಯ.

ಈ ಚುನಾವಣೆ ಬಹಳ ಹಳೆಯದೇನಲ್ಲ. ಶಾಲಾ ಮಂಡಳಿಗೆ ಜನರೇ ಆರಿಸಲಿ ಎಂದು ವರ್ಜೀನಿಯಾ ಒಪ್ಪಿದ್ದು 1992ರಲ್ಲಿ, ಬೇರೆ ರಾಜ್ಯಗಳೆಲ್ಲ ಒಪ್ಪಿ ಮುಗಿದ ಮೇಲೆ. ಫೇರ್‌ಫ್ಯಾಕ್ಸಿನಲ್ಲಿ ಮೊದಲ ಚುನಾವಣೆ ನಡೆದದ್ದು 1995ರಲ್ಲಿ. ಕಾಗದದ ಮೇಲೆ ಇದು ಪಕ್ಷರಹಿತ ಚುನಾವಣೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಎಷ್ಟು ಪಕ್ಷರಹಿತವೋ ಅಷ್ಟೇ. 2019 ಮತ್ತು 2023, ಎರಡೂ ಸಲ ಗೆದ್ದ ಹನ್ನೆರಡೂ ಮಂದಿ ಡೆಮಾಕ್ರಟಿಕ್ ಪಕ್ಷದ ಬೆಂಬಲ ಪಡೆದವರೇ.

ಇಷ್ಟೆಲ್ಲ ಅಧಿಕಾರವಿರುವ ಮಂಡಳಿಗೆ ಒಂದು ಡಾಲರ್ ತೆರಿಗೆ ಹಾಕುವ ಅಧಿಕಾರವೂ ಇಲ್ಲ. ಶೀರ್ಷಿಕೆಯ ಅತ್ತೆ ಬರುವುದು ಇಲ್ಲಿ.

ಅಮೆರಿಕದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಟೆಕ್ಸಸ್ ಒಂದರಲ್ಲೇ ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಸ್ವತಂತ್ರ ಘಟಕಗಳು. ತಮ್ಮ ತೆರಿಗೆಯನ್ನು ತಾವೇ ಹಾಕುತ್ತವೆ, ತಾವೇ ಖರ್ಚು ಮಾಡುತ್ತವೆ. ವರ್ಜೀನಿಯಾದ ರೀತಿ ಬೇರೆ. ಇಲ್ಲಿ ಕೌಂಟಿ ಅಥವಾ ನಗರಕ್ಕೆ ಒಂದರಂತೆ ಸುಮಾರು 130 ಶಾಲಾ ವಿಭಾಗಗಳಷ್ಟೇ ಇವೆ, ಮತ್ತು ಅವುಗಳ ಹಣ ಸ್ಥಳೀಯ ಸರ್ಕಾರದ ಕೈಯಲ್ಲಿದೆ. ಫೇರ್‌ಫ್ಯಾಕ್ಸಿನಲ್ಲಿ ಆ ಸರ್ಕಾರ ಎಂದರೆ ಹತ್ತು ಜನರ ಮೇಲ್ವಿಚಾರಕರ ಮಂಡಳಿ. ಇವರೂ ಚುನಾಯಿತರೇ, ಅದೇ ಒಂಬತ್ತು ಕ್ಷೇತ್ರಗಳಿಂದ ಒಂಬತ್ತು ಜನ, ಜೊತೆಗೆ ಒಬ್ಬ ಅಧ್ಯಕ್ಷರು. ತೆರಿಗೆ ಹಾಕುವವರು ಇವರು. ಪೊಲೀಸ್, ಅಗ್ನಿಶಾಮಕ ದಳ, ಗ್ರಂಥಾಲಯ, ಉದ್ಯಾನಗಳನ್ನು ನೋಡಿಕೊಳ್ಳುವವರೂ ಇವರೇ. ಶಾಲಾ ಮಂಡಳಿ ಇವರ ಮುಂದೆ ಬಂದು ಇಷ್ಟು ಬೇಕು ಎನ್ನಬೇಕು. ಇವರು ಇಷ್ಟೇ ಎನ್ನುತ್ತಾರೆ. ಶಾಲಾ ಬಜೆಟ್ಟಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಬರುವುದು ಹೀಗೆ.

ತಮಾಷೆಯೆಂದರೆ, ಹಣ ಕೊಡುವವರಿಗೆ ಅದನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳುವ ಅಧಿಕಾರವಿಲ್ಲ. ಒಟ್ಟು ಮೊತ್ತವನ್ನೋ, ಹೆಚ್ಚೆಂದರೆ ಬೋಧನೆ, ಸಾರಿಗೆಯಂಥ ದೊಡ್ಡ ತಲೆಬರಹಗಳಿಗೆ ಇಷ್ಟಿಷ್ಟೆಂದೋ ಮಂಜೂರು ಮಾಡಬಹುದು. ಈ ಶಾಲೆಗೆ ಸಂಗೀತದ ಟೀಚರ್ ಬೇಡ ಎನ್ನುವಂತಿಲ್ಲ. ಶಾಲೆಗಳ ಮೇಲ್ವಿಚಾರಣೆ ಶಾಲಾ ಮಂಡಳಿಗೇ ಸೇರಿದ್ದು ಎಂದು 1971ರ ರಾಜ್ಯ ಸಂವಿಧಾನ ಬರೆದಿಟ್ಟಿದೆ. ಅಕ್ಕಿ ಅಳೆದುಕೊಡುವುದು ಅತ್ತೆ. ಅದರಲ್ಲಿ ಚಿತ್ರಾನ್ನವೋ ಪೊಂಗಲೋ ಎಂಬುದು ಸೊಸೆಗೆ ಬಿಟ್ಟದ್ದು.

ಉಗ್ರಾಣದ ಬಾಗಿಲು ಪೂರ್ತಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಇದೇ ರಾಜ್ಯ ಒಮ್ಮೆ ತೋರಿಸಿದೆ. ಫೇರ್‌ಫ್ಯಾಕ್ಸಿನಿಂದ ನೈಋತ್ಯಕ್ಕೆ ಕೆಲವು ಗಂಟೆಗಳ ದಾರಿಯಲ್ಲಿ ಪ್ರಿನ್ಸ್ ಎಡ್ವರ್ಡ್ ಕೌಂಟಿಯಿದೆ. ಅಲ್ಲಿನ ಫಾರ್ಮ್‌ವಿಲ್ ಊರಿನ ಕಪ್ಪು ಮಕ್ಕಳ ಹೈಸ್ಕೂಲಿನಲ್ಲಿ ಜಾಗ ಸಾಲದೆ ಡಾಂಬರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ಪಾಠ ನಡೆಯುತ್ತಿತ್ತು. 1951ರ ಏಪ್ರಿಲ್‌ನಲ್ಲಿ ಹದಿನಾರು ವರ್ಷದ ಬಾರ್ಬರಾ ಜಾನ್ಸ್ ತನ್ನ ಸಹಪಾಠಿಗಳನ್ನೆಲ್ಲ ಕರೆದುಕೊಂಡು ಮುಷ್ಕರ ಹೂಡಿದಳು. ಅದರಿಂದ ಹುಟ್ಟಿದ ಮೊಕದ್ದಮೆ, ಬಣ್ಣದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು ಸಾರಿದ 1954ರ ಬ್ರೌನ್ ತೀರ್ಪಿನಲ್ಲಿ ಸೇರಿಕೊಂಡಿತು. ಕೊನೆಗೆ ಎಲ್ಲ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂರಿಸಲೇಬೇಕು ಎಂದಾದಾಗ, 1959ರಲ್ಲಿ ಕೌಂಟಿಯ ಮೇಲ್ವಿಚಾರಕರು ಮಾಡಿದ್ದಿಷ್ಟು: ಶಾಲೆಗಳಿಗೆ ಹಣವನ್ನೇ ಮಂಜೂರು ಮಾಡಲಿಲ್ಲ. ಐದು ವರ್ಷ ಸಾರ್ವಜನಿಕ ಶಾಲೆಗಳಿಗೆ ಬೀಗ. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಹುಟ್ಟಿಕೊಂಡಿತು. ಕಪ್ಪು ಮಕ್ಕಳಲ್ಲಿ ಕೆಲವರು ನೆಂಟರ ಊರಿಗೆ ಹೋದರು, ಉಳಿದ ಎಷ್ಟೋ ಮಕ್ಕಳ ಓದು ಅಲ್ಲಿಗೇ ನಿಂತಿತು. 1964ರಲ್ಲಿ ಸುಪ್ರೀಂ ಕೋರ್ಟು, ಅಗತ್ಯ ಬಿದ್ದರೆ ತೆರಿಗೆ ಹಾಕುವಂತೆ ಮೇಲ್ವಿಚಾರಕರಿಗೆ ನ್ಯಾಯಾಲಯವೇ ಆದೇಶ ಕೊಡಬಹುದು ಎಂದ ಮೇಲೆ ಬಾಗಿಲು ತೆರೆಯಿತು.

ಫೇರ್‌ಫ್ಯಾಕ್ಸಿನ ಕೈಯೂ ತೀರಾ ಶುಭ್ರವಲ್ಲ. 1954ರವರೆಗೆ ಇಲ್ಲಿ ಕಪ್ಪು ಮಕ್ಕಳಿಗೆ ಒಂದು ಹೈಸ್ಕೂಲು ಸಹ ಇರಲಿಲ್ಲ. ಮನಾಸಸ್‌ಗೋ ವಾಷಿಂಗ್ಟನ್ನಿಗೋ ಹೋಗಬೇಕಿತ್ತು. ಆ ವರ್ಷ ತೆರೆದ ಲೂಥರ್ ಜಾಕ್ಸನ್ ಶಾಲೆ ಈಗ ಎಲ್ಲರ ಮಿಡ್ಲ್ ಸ್ಕೂಲು. ಶಾಲಾ ಮಂಡಳಿಯ ಸಭೆಗಳು ವರ್ಷಾನುಗಟ್ಟಲೆ ನಡೆದದ್ದು ಅದರ ಸಭಾಂಗಣದಲ್ಲೇ.

ಈಗಿನ ಜಗಳಗಳು ಅಷ್ಟು ಕ್ರೂರವಲ್ಲ, ಆದರೆ ಪ್ರತಿ ವರ್ಷ ತಪ್ಪದೆ ನಡೆಯುತ್ತವೆ. ಪಂಚಾಂಗದಷ್ಟು ಖಚಿತ. ಜನವರಿಯಲ್ಲಿ ಸೂಪರಿಂಟೆಂಡೆಂಟ್ ಬಜೆಟ್ ಮಂಡಿಸುತ್ತಾರೆ. ಫೆಬ್ರುವರಿಯಲ್ಲಿ ಶಾಲಾ ಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟು ಬೇಡಿಕೆ ಕಳಿಸುತ್ತದೆ. ಅದೇ ತಿಂಗಳು ಕೌಂಟಿಯ ಮುಖ್ಯ ಆಡಳಿತಾಧಿಕಾರಿ ತಮ್ಮ ಬಜೆಟ್ ಮಂಡಿಸುತ್ತಾರೆ, ಅದರಲ್ಲಿ ಶಾಲೆಗಳಿಗೆ ತೋರಿಸಿದ ಮೊತ್ತ ಕೇಳಿದ್ದಕ್ಕಿಂತ ಕಡಿಮೆಯಿರುವುದೇ ವಾಡಿಕೆ. ಏಪ್ರಿಲ್‌ನಲ್ಲಿ ಸಾರ್ವಜನಿಕ ಅಹವಾಲು. ಕೆಂಪು ಅಂಗಿ ತೊಟ್ಟ ಟೀಚರುಗಳು ಒಂದು ಕಡೆ, ತೆರಿಗೆ ಏರಿಸಬೇಡಿ ಎನ್ನುವ ಹಿರಿಯರು ಇನ್ನೊಂದು ಕಡೆ. ಮೇ ಮೊದಲ ವಾರಗಳಲ್ಲಿ ಮೇಲ್ವಿಚಾರಕರು ತೆರಿಗೆ ದರವನ್ನೂ ಶಾಲೆಯ ಪಾಲನ್ನೂ ತೀರ್ಮಾನಿಸುತ್ತಾರೆ. ಆಮೇಲೆ ಶಾಲಾ ಮಂಡಳಿ ಕೈಗೆ ಸಿಕ್ಕಿದ್ದರಲ್ಲಿ ಹೊಂದಿಸಿಕೊಂಡು ಮೇ ಕೊನೆಗೆ ತನ್ನ ಅಂತಿಮ ಬಜೆಟ್ ಪಾಸು ಮಾಡುತ್ತದೆ. ಜುಲೈ 1ಕ್ಕೆ ಹೊಸ ಆರ್ಥಿಕ ವರ್ಷ.

2025ರಲ್ಲಿ ಇದಕ್ಕೆ ಹೊಸ ಗಂಟೊಂದು ಬಿತ್ತು. ಸ್ಥಳೀಯ ಸರ್ಕಾರದ ನೌಕರರು ಸಾಮೂಹಿಕವಾಗಿ ಕೂಲಿ ಮಾತುಕತೆ ನಡೆಸುವುದಕ್ಕೆ ವರ್ಜೀನಿಯಾ ದಶಕಗಳ ಕಾಲ ಬಿಟ್ಟಿರಲಿಲ್ಲ, 2021ರಿಂದ ಬಿಟ್ಟಿದೆ. ಶಾಲಾ ನೌಕರರು 2024ರಲ್ಲಿ ತಮ್ಮ ಸಂಘವನ್ನು ಆರಿಸಿಕೊಂಡು, ಶಾಲಾ ಮಂಡಳಿಯ ಜೊತೆ ಸಂಬಳದ ಒಪ್ಪಂದ ಮಾಡಿಕೊಂಡರು. ಒಪ್ಪಂದಕ್ಕೆ ಸಹಿ ಹಾಕಿದ್ದು ಶಾಲಾ ಮಂಡಳಿ, ಹಣ ಕೊಡಬೇಕಾದದ್ದು ಮೇಲ್ವಿಚಾರಕರು. ಅವರು ಪೂರ್ತಿ ಕೊಡಲಿಲ್ಲ. ಮಾತು ಕೊಟ್ಟವರೊಬ್ಬರು, ಮಾತು ಉಳಿಸಬೇಕಾದವರು ಇನ್ನೊಬ್ಬರು ಎಂಬ ಸ್ಥಿತಿಯಲ್ಲಿ ಬೇರೇನಾಗಲು ಸಾಧ್ಯ?

ಹಾಗೆಂದು ಮೇಲ್ವಿಚಾರಕರನ್ನು ಜಿಪುಣರೆಂದು ಬಿಡುವುದೂ ಸರಿಯಲ್ಲ. ಅವರ ಕೈಯನ್ನೂ ರಾಜ್ಯ ಕಟ್ಟಿಹಾಕಿದೆ. ರಾಜ್ಯ ಅನುಮತಿ ಕೊಡದ ತೆರಿಗೆಯನ್ನು ಕೌಂಟಿ ಹಾಕುವಂತಿಲ್ಲ. ಹೋಟೆಲಿನ ಊಟದ ಮೇಲಿನ ತೆರಿಗೆಯ ಕಥೆ ಕೇಳಿ. ನಗರಗಳು ಅದನ್ನು ಸುಲಭವಾಗಿ ಹಾಕಬಹುದಿತ್ತು. ಕೌಂಟಿಗಳಾದರೆ ಮತದಾರರ ಒಪ್ಪಿಗೆ ಪಡೆಯಬೇಕಿತ್ತು. 2016ರಲ್ಲಿ ಫೇರ್‌ಫ್ಯಾಕ್ಸ್ ಮತಕ್ಕೆ ಹಾಕಿತು, ಬರುವ ಹಣದ ದೊಡ್ಡ ಪಾಲು ಶಾಲೆಗಳಿಗೇ ಎಂದೂ ಹೇಳಿತು. ಮತದಾರರು ಒಲ್ಲೆ ಎಂದರು. 2020ರಲ್ಲಿ ರಾಜ್ಯ ಕಾನೂನು ಸಡಿಲಿಸಿತು. 2025ರಲ್ಲಿ ಮೇಲ್ವಿಚಾರಕರು ಮತದಾರರನ್ನು ಕೇಳದೆಯೇ ನೂರಕ್ಕೆ ನಾಲ್ಕರಂತೆ ಊಟದ ತೆರಿಗೆ ಹಾಕಿದರು. 2026ರ ಜನವರಿ 1ರಿಂದ ಜಾರಿ. ಜನ ಬೇಡವೆಂದದ್ದನ್ನು ಒಂಬತ್ತು ವರ್ಷದ ನಂತರ ತಾವೇ ತಂದ ಈ ಧೈರ್ಯದ ಹಿಂದೆ ಇದ್ದದ್ದು ಮನೆ ತೆರಿಗೆಯ ಮೇಲಿನ ಸಿಟ್ಟು. ಒಂದೇ ಹಸುವನ್ನು ಎಷ್ಟು ಸಲ ಕರೆಯಲಾದೀತು?

ಹೊಸ ಶಾಲಾ ಕಟ್ಟಡಗಳ ಹಣದ ದಾರಿ ಬೇರೆ. ಅದಕ್ಕೆ ಕೌಂಟಿ ಬಾಂಡ್ ಮೂಲಕ ಸಾಲ ಎತ್ತುತ್ತದೆ, ಪ್ರತಿ ಸಲವೂ ಮತದಾರರ ಒಪ್ಪಿಗೆ ಬೇಕು. 2023ರಲ್ಲಿ 43.5 ಕೋಟಿ ಡಾಲರಿಗೆ ಒಪ್ಪಿಗೆ ಸಿಕ್ಕಿತು. ಊಟದ ತೆರಿಗೆಗೆ ಒಲ್ಲೆ ಎಂದ ಜನರೇ ಶಾಲಾ ಬಾಂಡುಗಳಿಗೆ ಸಾಮಾನ್ಯವಾಗಿ ಹೂಂ ಎನ್ನುತ್ತಾರೆ.

ಇನ್ನು ರಾಜ್ಯದ ಪಾಲು. ಇದು ಶಾಲಾ ಬಜೆಟ್ಟಿನ ಕಾಲು ಭಾಗದ ಹತ್ತಿರ. ಇದರ ಲೆಕ್ಕವನ್ನು ಅರ್ಥ ಮಾಡಿಕೊಂಡರೆ ಫೇರ್‌ಫ್ಯಾಕ್ಸಿನ ಅರ್ಧ ಗೋಳು ಅರ್ಥವಾದಂತೆ. ರಾಜ್ಯ ಮೊದಲು, ಇಷ್ಟು ಮಕ್ಕಳಿಗೆ ಇಷ್ಟು ಟೀಚರುಗಳು, ಇಷ್ಟು ಸಿಬ್ಬಂದಿ ಎಂದು ಗುಣಮಟ್ಟದ ಕನಿಷ್ಠ ಅಳತೆಯೊಂದನ್ನು ಹಿಡಿದು ಅದರ ವೆಚ್ಚ ಕಟ್ಟುತ್ತದೆ. ಆಮೇಲೆ ಆ ವೆಚ್ಚವನ್ನು ಪ್ರತಿ ಊರಿನ ತಾಕತ್ತು ನೋಡಿ ಹಂಚುತ್ತದೆ. ತಾಕತ್ತು ಅಳೆಯುವ ಸೂಚ್ಯಂಕದಲ್ಲಿ ಆಸ್ತಿಯ ಬೆಲೆಗೆ ನೂರಕ್ಕೆ ಐವತ್ತು, ಜನರ ಆದಾಯಕ್ಕೆ ನಲವತ್ತು, ಅಂಗಡಿಗಳ ವ್ಯಾಪಾರಕ್ಕೆ ಹತ್ತು ಅಂಕ. ಫೇರ್‌ಫ್ಯಾಕ್ಸಿನ ಸೂಚ್ಯಂಕ ಸುಮಾರು 0.65. ಅಂದರೆ ರಾಜ್ಯವೇ ಕಟ್ಟಿದ ಆ ಕನಿಷ್ಠ ವೆಚ್ಚದಲ್ಲಿ ಡಾಲರಿಗೆ 65 ಸೆಂಟು ಕೌಂಟಿಯದು, 35 ಸೆಂಟು ರಾಜ್ಯದ್ದು. ರಾಜ್ಯದ ನೈಋತ್ಯ ತುದಿಯ ಬೆಟ್ಟಗಾಡಿನ ಲೀ ಕೌಂಟಿಯ ಸೂಚ್ಯಂಕ 0.2ನ್ನೂ ಮುಟ್ಟುವುದಿಲ್ಲ, ಅಲ್ಲಿ ರಾಜ್ಯವೇ ಎಂಬತ್ತು ಸೆಂಟಿಗಿಂತ ಹೆಚ್ಚು ಕೊಡುತ್ತದೆ.

ತತ್ತ್ವದಲ್ಲಿ ಇದು ನ್ಯಾಯವೇ. ಉಳ್ಳವರು ಹೆಚ್ಚು ಹೊರಬೇಕು. ತೊಡಕಿರುವುದು ಎರಡು ಕಡೆ. ಒಂದು, ಸೂಚ್ಯಂಕಕ್ಕೆ ಕಾಣುವುದು ಸರಾಸರಿ ಮಾತ್ರ. ದೇಶದ ಅತಿ ಸಿರಿವಂತ ಕೌಂಟಿಗಳ ಸಾಲಿನಲ್ಲಿರುವ ಫೇರ್‌ಫ್ಯಾಕ್ಸಿನ ಶಾಲೆಗಳಲ್ಲೇ ಸುಮಾರು ಮೂರನೇ ಒಂದು ಭಾಗದ ಮಕ್ಕಳು ಬಡತನದ ಕಾರಣಕ್ಕೆ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರು. ಮನೆಯಲ್ಲಿ ಸ್ಪ್ಯಾನಿಷ್, ಅರೇಬಿಕ್, ಅಮ್ಹಾರಿಕ್, ಕೊರಿಯನ್ ಮಾತಾಡುತ್ತ ಶಾಲೆಯಲ್ಲಿ ಹೊಸದಾಗಿ ಇಂಗ್ಲಿಷ್ ಕಲಿಯುವ ಮಕ್ಕಳು ಸಾವಿರಾರು. ಇವರಿಗೆ ಹೆಚ್ಚು ಟೀಚರುಗಳು ಬೇಕು. ಆ ಖರ್ಚಿನ ಬಹುಪಾಲು ಸ್ಥಳೀಯರದೇ. ಎರಡು, ರಾಜ್ಯ ಹಿಡಿದ ಆ ಕನಿಷ್ಠ ಅಳತೆಯೇ ಕುಳ್ಳು. 2009ರ ಆರ್ಥಿಕ ಹಿಂಜರಿತದ ಹೊತ್ತಿನಲ್ಲಿ ಸಹಾಯಕ ಸಿಬ್ಬಂದಿಗೆ ಕೊಡುವ ಹಣಕ್ಕೆ ರಾಜ್ಯ ಮಿತಿ ಹಾಕಿತು. ಹಿಂಜರಿತ ಹೋದ ಮೇಲೂ ಮಿತಿ ಬಹುಕಾಲ ಉಳಿಯಿತು. ರಾಜ್ಯ ಶಾಸಕಾಂಗದ್ದೇ ಲೆಕ್ಕಪರಿಶೋಧನಾ ಆಯೋಗ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ವರ್ಜೀನಿಯಾದ ಶಾಲೆಗಳಿಗೆ ಸಿಗುವ ಹಣ ದೇಶದ ಸರಾಸರಿಗಿಂತ ನೂರಕ್ಕೆ ಹದಿನಾಲ್ಕರಷ್ಟು, ಅಂದರೆ ಮಗುವೊಂದಕ್ಕೆ ಸುಮಾರು 1,900 ಡಾಲರ್ ಕಡಿಮೆ. ರಾಜ್ಯ ಕಡಿಮೆ ಅಳೆದ ಅಕ್ಕಿಯನ್ನು ಕೌಂಟಿ ತುಂಬಿಕೊಡಬೇಕು. ಫೇರ್‌ಫ್ಯಾಕ್ಸಿಗೆ ಅದು ಸಾಧ್ಯ, ಬಡ ಕೌಂಟಿಗಳಿಗೆ ಅಸಾಧ್ಯ.

ವಾಷಿಂಗ್ಟನ್ ಕೂಗಳತೆಯಲ್ಲೇ ಇದ್ದರೂ ಕೇಂದ್ರ ಸರ್ಕಾರದ ಪಾಲು ತೀರಾ ಚಿಕ್ಕದು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಹೆಸರೇ ಇಲ್ಲ. ಶಿಕ್ಷಣ ಆ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲಿ ಹೇಳಿತ್ತು. ಆದರೂ ಚಿಕ್ಕ ಪಾಲಿನ ಹಗ್ಗವೂ ಎಳೆಯಲು ಸಾಕು. ಲಿಂಗಾಂತರಿ ಮಕ್ಕಳು ಯಾವ ಶೌಚಾಲಯ ಬಳಸಬೇಕೆಂಬ ನೀತಿಯ ವಿಷಯದಲ್ಲಿ 2025ರ ಆಗಸ್ಟ್‌ನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಉತ್ತರ ವರ್ಜೀನಿಯಾದ ಐದು ಶಾಲಾ ವಿಭಾಗಗಳನ್ನು, ಕೇಂದ್ರದ ಹಣಕ್ಕೆ ಬಿಗಿ ಷರತ್ತು ಬೀಳುವ ಅಪಾಯದ ಪಟ್ಟಿಗೆ ಸೇರಿಸಿತು. ಫೇರ್‌ಫ್ಯಾಕ್ಸ್ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಇಷ್ಟು ಹಣ, ಇಷ್ಟು ಜಗಳದ ಫಲ ಏನು? ಮನೆ ಹುಡುಕುವ ಕನ್ನಡಿಗರು ಮೊದಲು ಕೇಳುವುದೇ ಈ ಪ್ರಶ್ನೆ; ಅವರಿಗೆ ಉತ್ತರ ಸಿಗುವುದು ಮನೆ ಮಾರುವ ಜಾಲತಾಣದಲ್ಲಿ, ಶಾಲೆಯ ಹೆಸರಿನ ಪಕ್ಕ ಹತ್ತಕ್ಕೆ ಒಂಬತ್ತೋ ಐದೋ ಎಂಬ ಅಂಕದಲ್ಲಿ. ನನ್ನ ಮಟ್ಟಿಗೆ ಆ ಅಂಕ ಶಾಲೆಯ ಬಗ್ಗೆ ಹೇಳುವುದಕ್ಕಿಂತ ಅಕ್ಕಪಕ್ಕದ ಮನೆಗಳ ವರಮಾನದ ಬಗ್ಗೆ ಹೇಳುವುದೇ ಹೆಚ್ಚು. ಅಪ್ಪ ಅಮ್ಮ ಇಬ್ಬರೂ ಎಂಜಿನಿಯರುಗಳಾಗಿ, ಸಂಜೆ ಗಣಿತದ ಟ್ಯೂಷನ್ನಿಗೂ ಹಾಕಿದ ಮಗು ಮೂರನೇ ತರಗತಿಯ ಪರೀಕ್ಷೆ ಪಾಸಾದರೆ ಅದರಲ್ಲಿ ಶಾಲೆಯ ಪಾಲೆಷ್ಟು? ಹೊಂಡುರಾಸಿನಿಂದ ಬಂದು ಎರಡು ವರ್ಷವಾದ ಮಗು ಅದೇ ಪರೀಕ್ಷೆಯಲ್ಲಿ ಐದು ಅಂಕ ಕಡಿಮೆ ಪಡೆದು ಫೇಲಾದರೆ, ಆ ಶಾಲೆ ಹೆಚ್ಚೇ ಕಲಿಸಿರಬಹುದು.

ರಾಜ್ಯದ ಕಲಿಕಾ ಪರೀಕ್ಷೆಗಳು 1998ರಿಂದ ನಡೆಯುತ್ತಿವೆ. ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತ. ಕೆಲವು ತರಗತಿಗಳಲ್ಲಿ ವಿಜ್ಞಾನವೂ ಉಂಟು. ಫೇರ್‌ಫ್ಯಾಕ್ಸಿನ ಒಟ್ಟು ಫಲಿತಾಂಶ ರಾಜ್ಯದ ಸರಾಸರಿಗಿಂತ ಮೇಲಿರುತ್ತದೆ. ಹೈಸ್ಕೂಲನ್ನು ಕಾಲಕ್ಕೆ ಸರಿಯಾಗಿ ಮುಗಿಸುವವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಸರಾಸರಿಯನ್ನು ಬಿಡಿಸಿದರೆ ಚಿತ್ರ ಬೇರೆ. ಏಷ್ಯನ್ ಮತ್ತು ಬಿಳಿಯ ಮಕ್ಕಳ ಫಲಿತಾಂಶಕ್ಕೂ ಲ್ಯಾಟಿನೋ ಮಕ್ಕಳ, ಇಂಗ್ಲಿಷ್ ಹೊಸದಾಗಿ ಕಲಿಯುವವರ ಫಲಿತಾಂಶಕ್ಕೂ ನಡುವೆ ದೊಡ್ಡ ಕಂದಕವಿದೆ. ಎಷ್ಟೋ ಸೂಪರಿಂಟೆಂಡೆಂಟರು ಬಂದು ಹೋದರೂ ಆ ಕಂದಕ ತುಂಬಿಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು: ವರ್ಜೀನಿಯಾ ತನ್ನ ಪರೀಕ್ಷೆಯಲ್ಲಿ ಪಾಸು ಎನ್ನಲು ಇಟ್ಟುಕೊಂಡ ಗೆರೆ ದೇಶದಲ್ಲೇ ತೀರಾ ತಗ್ಗಿನದು ಎಂಬ ಆಕ್ಷೇಪ ಬಹುಕಾಲದಿಂದಿದೆ. ರಾಷ್ಟ್ರಮಟ್ಟದ ಮಾದರಿ ಪರೀಕ್ಷೆಗೆ ಹೋಲಿಸಿದಾಗ ಅದು ನಿಜವೂ ಹೌದು. ಆ ಗೆರೆಯನ್ನು ಮೇಲೆತ್ತುವ ಕೆಲಸ ಈಗ ಶುರುವಾಗಿದೆ. ಹಾಗಾಗಿ ಮುಂದಿನ ವರ್ಷಗಳಲ್ಲಿ ಪಾಸಾದವರ ಸಂಖ್ಯೆ ಕುಸಿದರೆ ಮಕ್ಕಳು ದಡ್ಡರಾದರೆಂದು ಗಾಬರಿ ಬೀಳಬೇಕಿಲ್ಲ.

ಭಾರತೀಯ ಕುಟುಂಬಗಳ ಮಾತು ಬಂದಾಗ ಟಿಜೆ ಹೆಸರು ಬರಲೇಬೇಕು. ಥಾಮಸ್ ಜೆಫರ್ಸನ್ ವಿಜ್ಞಾನ ಮತ್ತು ತಂತ್ರಜ್ಞಾನ ಹೈಸ್ಕೂಲು ದೇಶದ ಅತ್ಯುತ್ತಮ ಶಾಲೆಗಳ ಪಟ್ಟಿಗಳಲ್ಲಿ ಸದಾ ಮೇಲಿರುತ್ತದೆ. 2020ರವರೆಗೆ ಅಲ್ಲಿಗೆ ಕಠಿಣ ಪ್ರವೇಶ ಪರೀಕ್ಷೆಯಿತ್ತು. ಅದಕ್ಕೆಂದೇ ತರಬೇತಿ ಕೇಂದ್ರಗಳಿದ್ದವು. ಪ್ರವೇಶ ಪಡೆದವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಏಷ್ಯನ್ ಮೂಲದವರು, ಬಡ ಮನೆಗಳ ಮಕ್ಕಳು ನೂರಕ್ಕೆ ಒಬ್ಬರೂ ಇಲ್ಲ. ಆ ವರ್ಷದ ಕೊನೆಗೆ ಶಾಲಾ ಮಂಡಳಿ ಪರೀಕ್ಷೆ ತೆಗೆದುಹಾಕಿತು, ಸೀಟುಗಳನ್ನು 550ಕ್ಕೆ ಏರಿಸಿತು, ಪ್ರತಿ ಸಾರ್ವಜನಿಕ ಮಿಡ್ಲ್ ಸ್ಕೂಲಿನ ಎಂಟನೇ ತರಗತಿಯ ಶೇಕಡಾ 1.5ರಷ್ಟು ಮಕ್ಕಳಿಗೆ ಸೀಟು ಮೀಸಲಿಟ್ಟಿತು. ಮೊದಲ ವರ್ಷವೇ ಏಷ್ಯನ್ನರ ಪಾಲು 54ಕ್ಕೆ ಇಳಿಯಿತು, ಬಡ ಮಕ್ಕಳ ಪಾಲು 25ಕ್ಕೆ ಏರಿತು. ಪೋಷಕರು ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ಕೆಳ ನ್ಯಾಯಾಲಯ ಅವರ ಪರ, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಮಂಡಳಿಯ ಪರ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಮೀಸಲಾತಿಯ ವಾದಗಳನ್ನು ಕೇಳುತ್ತಲೇ ಬೆಳೆದ ನಮಗೆ ಎರಡೂ ಕಡೆಯ ಮಾತು ಹೊಸದಲ್ಲ. ಹೊಸದೆಂದರೆ, ಇಂಥ ತೀರ್ಮಾನವನ್ನು ಹನ್ನೆರಡು ಜನ ಅರೆಕಾಲಿಕ ಸದಸ್ಯರು ಒಂದು ಸಂಜೆಯ ಸಭೆಯಲ್ಲಿ ಮಾಡಬಹುದು ಎಂಬುದು.

ಈಚಿನ ಬಿಸಿ ಚರ್ಚೆ ಗಡಿಗಳದು. 2019ರಲ್ಲಿ 1,88,000ದಷ್ಟಿದ್ದ ಮಕ್ಕಳ ಸಂಖ್ಯೆ ಕೋವಿಡ್ ಕಾಲದಲ್ಲಿ ಕುಸಿದು ಪೂರ್ತಿ ಮೇಲೇಳಲಿಲ್ಲ. ಕೆಲವು ಶಾಲೆಗಳಲ್ಲಿ ಬೆಂಚು ಖಾಲಿ, ಇನ್ನು ಕೆಲವು ಕಡೆ ಮೈದಾನದಲ್ಲಿ ತಗಡಿನ ತಾತ್ಕಾಲಿಕ ಕೊಠಡಿಗಳು. ಸುಮಾರು ನಾಲ್ಕು ದಶಕಗಳಲ್ಲಿ ಮೊದಲ ಬಾರಿಗೆ ಇಡೀ ಕೌಂಟಿಯ ಶಾಲಾ ಗಡಿಗಳನ್ನು ಒಟ್ಟಿಗೆ ಪರಿಶೀಲಿಸುವ ಕೆಲಸಕ್ಕೆ ಮಂಡಳಿ 2024ರಲ್ಲಿ ಕೈ ಹಾಕಿತು. ನಕ್ಷೆಯ ಮೇಲೆ ಒಂದು ಗೆರೆ ಎರಡು ಬೀದಿ ಆಚೆ ಸರಿದರೆ, ಆ ಶಾಲೆಯ ಹೆಸರಿಗೆಂದೇ ಹೆಚ್ಚು ಹಣ ತೆತ್ತು ಮನೆ ಕೊಂಡವರ ಎದೆ ಧಸಕ್ಕೆನ್ನುತ್ತದೆ. ಫೆಬ್ರುವರಿಯ ಲಕೋಟೆಯಲ್ಲಿ ಬರುವ ಅಂಕಿಯ ಬುಡವೂ ಅದೇ ಗೆರೆಯಲ್ಲಿದೆ.

ಮುಂದಿನ ಚುನಾವಣೆ 2027ರ ನವೆಂಬರ್‌ನಲ್ಲಿ. ಶಾಲಾ ಮಂಡಳಿಯ ಹನ್ನೆರಡು, ಮೇಲ್ವಿಚಾರಕರ ಹತ್ತು, ಎಲ್ಲ ಸ್ಥಾನಗಳಿಗೂ ಒಂದೇ ದಿನ, ಒಂದೇ ಮತಪತ್ರದಲ್ಲಿ ಮತದಾನ. ಎಚ್-1ಬಿ ವೀಸಾದಲ್ಲಿದ್ದು ಮನೆ ಕೊಂಡಿರುವ ಕನ್ನಡಿಗರು ಜುಲೈ 28ಕ್ಕೂ ಡಿಸೆಂಬರ್ 5ಕ್ಕೂ ತಪ್ಪದೆ ತೆರಿಗೆ ಕಟ್ಟುತ್ತಾರೆ. ಪೌರತ್ವವಿಲ್ಲದ್ದರಿಂದ ಆ ಮತಪತ್ರ ಅವರ ಕೈಗೆ ಬರುವುದಿಲ್ಲ. ಏಪ್ರಿಲ್‌ನ ಅಹವಾಲು ಸಭೆಯಲ್ಲಿ ಮಾತಾಡಲು ಹೆಸರು ಬರೆಸುವಾಗ ಮಾತ್ರ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಅಲ್ಲಿ ಎಲ್ಲರಿಗೂ ಸಿಗುವುದು ಎರಡು ಮೂರು ನಿಮಿಷ, ಎದುರಿಗೊಂದು ಗಡಿಯಾರ.